ದುಬಾರಿ ಆಡಿಯೋ ಮತ್ತು ವೀಡಿಯೋ ಕೇಬಲ್‌ಗಳು: ಖರೀದಿಗೆ ಮುನ್ನ ಗ್ರಾಹಕರು ತಿಳಿದಿರಬೇಕಾದ ವಿಷಯಗಳು

ಪೀಠಿಕೆ

ದೂರದರ್ಶನ ಯಂತ್ರ, ಹೋಮ್ ಥಿಯೇಟರ್, ಧ್ವನಿವರ್ಧಕ ಮುಂತಾದ ಉಪಕರಣಗಳನ್ನು ಖರೀದಿಸುವ ಸಂದರ್ಭದಲ್ಲಿ ಗ್ರಾಹಕರು ಅವುಗಳ ಜೋಡಣೆಗೆ ಬೇಕಾಗುವ ಕೇಬಲ್‌ಗಳನ್ನೂ ಖರೀದಿಸುವುದು ರೂಢಿಯಲ್ಲಿದೆ. ಕೆಲವು ನೂರು ರೂಪಾಯಿಗಳಿಗೆ ದೊರೆಯುವ ಕೇಬಲ್ ಒಂದು ಕಡೆಯಾದರೆ, ಅದೇ ಕೆಲಸಕ್ಕೆ ಹಲವು ಸಾವಿರ ರೂಪಾಯಿ ಬೆಲೆಯ ಕೇಬಲ್ ಇನ್ನೊಂದು ಕಡೆ ಮಾರಾಟಕ್ಕಿರುತ್ತದೆ. ಉಪಕರಣದ ಬೆಲೆಯ ಬಗ್ಗೆ ನಾಲ್ಕು ಅಂಗಡಿಗಳಲ್ಲಿ ವಿಚಾರಿಸುವ ಕುಟುಂಬವೇ, ಹಣ ಪಾವತಿಸುವ ಕೊನೆಯ ಗಳಿಗೆಯಲ್ಲಿ "ಇಷ್ಟು ಒಳ್ಳೆಯ ಟಿ.ವಿ.ಗೆ ಸಾಧಾರಣ ಕೇಬಲ್ ಹಾಕಿದರೆ ಚಿತ್ರ ಕೆಡುತ್ತದೆ" ಎಂಬ ಒಂದು ಮಾತಿಗೆ ಮಣಿದು ದುಬಾರಿ ಕೇಬಲ್ಲನ್ನು ಒಪ್ಪಿಕೊಳ್ಳುವುದುಂಟು. ಚೌಕಾಸಿ ಮಾಡಿ ಉಳಿಸಿದ ಹಣವು ಹೀಗೆ ಕೇಬಲ್ಲಿನ ರೂಪದಲ್ಲಿ ಅದೇ ಅಂಗಡಿಗೆ ಮರಳುತ್ತದೆ.

ಸದರಿ ಮಾತು ಎಷ್ಟರಮಟ್ಟಿಗೆ ನಿಜ, ಯಾವ ಸಂದರ್ಭದಲ್ಲಿ ಹೆಚ್ಚಿನ ಬೆಲೆ ಸಮರ್ಥನೀಯ, ತಪ್ಪು ಭರವಸೆ ನೀಡಿ ಮಾರಾಟ ಮಾಡಿದಲ್ಲಿ ಗ್ರಾಹಕರಿಗೆ ಕಾನೂನಿನಲ್ಲಿ ಯಾವ ಪರಿಹಾರವಿದೆ ಎಂಬುದನ್ನು ಸಾರ್ವಜನಿಕರ ಮಾಹಿತಿಗಾಗಿ ಈ ಕೆಳಗೆ ವಿವರಿಸಲಾಗಿದೆ.

1. ಕೇಬಲ್ ನಿರ್ವಹಿಸುವ ಕಾರ್ಯ

ಕೇಬಲ್ಲು ಒಂದು ಉಪಕರಣದಿಂದ ಹೊರಟ ವಿದ್ಯುತ್ ಸಂಕೇತವನ್ನು ಇನ್ನೊಂದು ಉಪಕರಣಕ್ಕೆ ತಲುಪಿಸುವ ವಾಹಕ ಮಾತ್ರ. ಅದು ಸಂಕೇತಕ್ಕೆ ಹೊಸದಾಗಿ ಏನನ್ನೂ ಸೇರಿಸಲಾರದು. ದಾರಿಯಲ್ಲಿ ಆಗುವ ನಷ್ಟವನ್ನು ಕಡಿಮೆ ಮಾಡುವುದಷ್ಟೇ ಉತ್ತಮ ಕೇಬಲ್ಲಿನ ಗುಣ. ಆದ್ದರಿಂದ "ಈ ಕೇಬಲ್ ಹಾಕಿದರೆ ಬಣ್ಣ ಹೆಚ್ಚುತ್ತದೆ, ಧ್ವನಿಗೆ ಮಾಧುರ್ಯ ಬರುತ್ತದೆ" ಎಂಬ ವಿವರಣೆ ದೊರೆತಾಗ, ಸಾಧಾರಣ ಕೇಬಲ್ಲಿನಲ್ಲಿ ಯಾವ ನಷ್ಟ ಆಗುತ್ತಿತ್ತು, ಎಷ್ಟು ಆಗುತ್ತಿತ್ತು ಎಂಬುದನ್ನು ಗ್ರಾಹಕರು ಮೊದಲು ಕೇಳತಕ್ಕದ್ದು. ಈ ನಷ್ಟದ ಸ್ವರೂಪವು ಡಿಜಿಟಲ್ ಕೇಬಲ್‌ಗಳಲ್ಲಿ ಒಂದು ರೀತಿ, ಸ್ಪೀಕರ್ ತಂತಿಗಳಲ್ಲಿ ಇನ್ನೊಂದು ರೀತಿ ಇರುತ್ತದೆ.

2. ಡಿಜಿಟಲ್ ಕೇಬಲ್‌ಗಳು (ಎಚ್‌ಡಿಎಂಐ ಇತ್ಯಾದಿ)

ಇಂದಿನ ದೂರದರ್ಶನ ಯಂತ್ರಗಳನ್ನು ಸೆಟ್ ಟಾಪ್ ಬಾಕ್ಸ್ ಮುಂತಾದವುಗಳಿಗೆ ಜೋಡಿಸುವ ಎಚ್‌ಡಿಎಂಐ ಕೇಬಲ್ಲಿನ ಮಾನದಂಡ ಮೊದಲು ಹೊರಬಂದದ್ದು 2002ರಲ್ಲಿ. ಇದರಲ್ಲಿ ಚಿತ್ರ ಮತ್ತು ಧ್ವನಿ ಎರಡೂ ಅಂಕಿಗಳ ರೂಪದಲ್ಲಿ, ಅಂದರೆ ಸೊನ್ನೆ ಮತ್ತು ಒಂದುಗಳಾಗಿ ಸಾಗುತ್ತವೆ.

ಇದನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಪಡಿತರ ಚೀಟಿಯ ಸಂಖ್ಯೆಯನ್ನು ಒಬ್ಬರು ದೂರವಾಣಿಯಲ್ಲಿ ಹೇಳುತ್ತಾರೆ, ಇನ್ನೊಬ್ಬರು ಬರೆದುಕೊಳ್ಳುತ್ತಾರೆ ಎಂದುಕೊಳ್ಳೋಣ. ಹೇಳುವವರ ಧ್ವನಿ ಸ್ವಲ್ಪ ಕ್ಷೀಣವಾಗಿದ್ದರೂ ಅಂಕಿಗಳು ಸ್ಪಷ್ಟವಾಗಿ ಕೇಳಿಸಿದರೆ ಬರೆದುಕೊಂಡ ಸಂಖ್ಯೆ ಸರಿಯಾಗಿಯೇ ಇರುತ್ತದೆ. ಅದೇ ಸಂಖ್ಯೆಯನ್ನು ಸುಮಧುರ ಕಂಠದಲ್ಲಿ ಹೇಳಿದ ಮಾತ್ರಕ್ಕೆ ಪಡಿತರದ ಪ್ರಮಾಣ ಹೆಚ್ಚುವುದಿಲ್ಲ. ಹಾಗೆಯೇ, ಅಂಕಿಗಳನ್ನು ಸರಿಯಾಗಿ ತಲುಪಿಸುವ ನಾಲ್ಕು ನೂರು ರೂಪಾಯಿಯ ಕೇಬಲ್ಲಿನಲ್ಲಿ ಬರುವ ಚಿತ್ರಕ್ಕೂ ನಾಲ್ಕು ಸಾವಿರ ರೂಪಾಯಿಯ ಕೇಬಲ್ಲಿನಲ್ಲಿ ಬರುವ ಚಿತ್ರಕ್ಕೂ ವ್ಯತ್ಯಾಸವಿರುವುದಿಲ್ಲ.

ಕೇಬಲ್ಲು ದೋಷಯುಕ್ತವಾಗಿದ್ದರೆ ಅಥವಾ ಅದರ ಸಾಮರ್ಥ್ಯ ಸಾಲದಿದ್ದರೆ ಅದು ಗ್ರಾಹಕರ ಗಮನಕ್ಕೆ ತಾನಾಗಿಯೇ ಬರುತ್ತದೆ. ಪರದೆಯ ಮೇಲೆ ಬಿಳಿಯ ಅಥವಾ ಬಣ್ಣದ ಚುಕ್ಕೆಗಳು ಮಿನುಗುವುದು, ಚಿತ್ರ ಆಗಾಗ್ಗೆ ಕಪ್ಪಾಗಿ ಮತ್ತೆ ಬರುವುದು, ಧ್ವನಿ ತುಂಡಾಗುವುದು ಅಥವಾ ಚಿತ್ರವೇ ಬಾರದಿರುವುದು ಇದರ ಲಕ್ಷಣಗಳು. ಚಿತ್ರ ಸ್ವಲ್ಪ ಮಂಕಾಗಿದೆ, ಬಣ್ಣ ಸ್ವಲ್ಪ ಪೇಲವವಾಗಿದೆ ಎಂಬುದು ಡಿಜಿಟಲ್ ಕೇಬಲ್ಲಿನ ದೋಷದ ಲಕ್ಷಣವಲ್ಲ. ಅಂತಹ ಸಂದರ್ಭದಲ್ಲಿ ದೂರದರ್ಶನ ಯಂತ್ರದ ಚಿತ್ರ ಹೊಂದಾಣಿಕೆಯನ್ನು ಪರಿಶೀಲಿಸುವುದು ಸೂಕ್ತ.

ಗ್ರಾಹಕರು ಗಮನಿಸಬೇಕಾದದ್ದು ಕೇಬಲ್ಲಿನ ವರ್ಗವನ್ನು:

(ಅ) ಹೈ ಸ್ಪೀಡ್: ಸೆಕೆಂಡಿಗೆ 10.2 ಗಿಗಾಬಿಟ್. ಫುಲ್ ಎಚ್‌ಡಿ ಚಿತ್ರಕ್ಕೆ ಸಾಕು.
(ಆ) ಪ್ರೀಮಿಯಂ ಹೈ ಸ್ಪೀಡ್: ಸೆಕೆಂಡಿಗೆ 18 ಗಿಗಾಬಿಟ್. ಸೆಕೆಂಡಿಗೆ 60 ಚೌಕಟ್ಟುಗಳ 4ಕೆ ಚಿತ್ರಕ್ಕೆ.
(ಇ) ಅಲ್ಟ್ರಾ ಹೈ ಸ್ಪೀಡ್: ಸೆಕೆಂಡಿಗೆ 48 ಗಿಗಾಬಿಟ್. ಸೆಕೆಂಡಿಗೆ 120 ಚೌಕಟ್ಟುಗಳ 4ಕೆ ಅಥವಾ 60 ಚೌಕಟ್ಟುಗಳ 8ಕೆ ಚಿತ್ರಕ್ಕೆ.

(ಆ) ಮತ್ತು (ಇ) ವರ್ಗದ ಪ್ರಮಾಣೀಕೃತ ಕೇಬಲ್‌ಗಳ ಪೊಟ್ಟಣದ ಮೇಲೆ ಸ್ಕ್ಯಾನ್ ಮಾಡಿ ಪರಿಶೀಲಿಸಬಹುದಾದ ಪ್ರಮಾಣೀಕರಣದ ಲೇಬಲ್ ಇರುತ್ತದೆ. ಸಾಮರ್ಥ್ಯದ ಖಾತರಿ ಇರುವುದು ಈ ಲೇಬಲ್ಲಿನಲ್ಲಿಯೇ ಹೊರತು ಬೆಲೆಯಲ್ಲಿ ಅಲ್ಲ. ಲೇಬಲ್ ಹೊಂದಿರುವ ಸಾಧಾರಣ ಬೆಲೆಯ ಕೇಬಲ್ಲು, ಲೇಬಲ್ ಇಲ್ಲದ ದುಬಾರಿ ಕೇಬಲ್ಲಿಗಿಂತ ಭರವಸೆಗೆ ಅರ್ಹವಾದದ್ದು.

3. ಸ್ಪೀಕರ್ ತಂತಿಗಳು

ಸ್ಪೀಕರ್ ತಂತಿಯಲ್ಲಿ ಸಂಕೇತವು ಅಂಕಿಗಳಾಗಿ ಅಲ್ಲದೆ ಏರಿಳಿಯುವ ವಿದ್ಯುತ್ತಾಗಿಯೇ ಸಾಗುತ್ತದೆ. ಆದ್ದರಿಂದ ಇಲ್ಲಿ ತಂತಿಯ ವಿದ್ಯುತ್ ರೋಧಕ್ಕೆ ಮಹತ್ವವಿದೆ. ಈ ರೋಧವನ್ನು ನಿರ್ಧರಿಸುವುದು ತಂತಿಯ ಲೋಹ, ದಪ್ಪ ಮತ್ತು ಉದ್ದ. 1 ಚದರ ಮಿಲಿಮೀಟರ್ ದಪ್ಪದ ತಾಮ್ರದ ತಂತಿಯ ರೋಧ ಪ್ರತಿ ಮೀಟರಿಗೆ ಸುಮಾರು 0.017 ಓಂ. ವಿದ್ಯುತ್ತು ಹೋಗಿ ಬರುವುದರಿಂದ ದೂರವನ್ನು ಎರಡರಷ್ಟು ಲೆಕ್ಕ ಹಿಡಿಯಬೇಕು. ಸಾಮಾನ್ಯವಾದ 8 ಓಂ ಸ್ಪೀಕರಿಗೆ ಹೋಲಿಸಿದಾಗ ತಂತಿಯ ರೋಧದ ಪ್ರಮಾಣ ಈ ಕೆಳಕಂಡಂತಿರುತ್ತದೆ:

5 ಮೀಟರ್ ದೂರಕ್ಕೆ:
0.5 ಚದರ ಮಿ.ಮೀ. ತಂತಿ – ಸುಮಾರು ಶೇ. 4.3
1.5 ಚದರ ಮಿ.ಮೀ. ತಂತಿ – ಸುಮಾರು ಶೇ. 1.4
2.5 ಚದರ ಮಿ.ಮೀ. ತಂತಿ – ಸುಮಾರು ಶೇ. 0.9

20 ಮೀಟರ್ ದೂರಕ್ಕೆ:
0.5 ಚದರ ಮಿ.ಮೀ. ತಂತಿ – ಸುಮಾರು ಶೇ. 17
1.5 ಚದರ ಮಿ.ಮೀ. ತಂತಿ – ಸುಮಾರು ಶೇ. 5.7
2.5 ಚದರ ಮಿ.ಮೀ. ತಂತಿ – ಸುಮಾರು ಶೇ. 3.4

ಈ ಪ್ರಮಾಣವು ಶೇ. 5ರ ಒಳಗಿದ್ದರೆ ಸಾಕು ಎಂಬುದು ಸಾಮಾನ್ಯವಾಗಿ ಅನುಸರಿಸುವ ನಿಯಮ. ಮನೆಯ ಕೊಠಡಿಗೆ 1.5 ಚದರ ಮಿ.ಮೀ. ದಪ್ಪದ ಸಾಧಾರಣ ತಾಮ್ರದ ತಂತಿ ಸಾಕಾಗುತ್ತದೆ ಎಂಬುದು ಮೇಲ್ಕಂಡ ಲೆಕ್ಕದಿಂದ ವಿದಿತವಾಗುತ್ತದೆ. ದೂರ ಹೆಚ್ಚಾದಲ್ಲಿ ಅಥವಾ ಸ್ಪೀಕರ್ 4 ಓಂನದಾಗಿದ್ದಲ್ಲಿ ದಪ್ಪ ಹೆಚ್ಚಿಸಬೇಕು. ದಪ್ಪವನ್ನು ಒಂದು ಮಟ್ಟ ಹೆಚ್ಚಿಸಲು ತಗಲುವ ವೆಚ್ಚ ಅಲ್ಪ. ವಿದ್ಯುತ್ ಸಾಮಗ್ರಿ ಅಂಗಡಿಗಳಲ್ಲಿ ಮೀಟರ್ ಲೆಕ್ಕದಲ್ಲಿ ದೊರೆಯುವ ಎರಡು ಎಳೆಯ ತಾಮ್ರದ ತಂತಿಯೇ ಈ ಕೆಲಸಕ್ಕೆ ಯೋಗ್ಯವಾಗಿದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಅಲ್ಯೂಮಿನಿಯಂ ಎಳೆಗೆ ತಾಮ್ರದ ತೆಳು ಲೇಪನ ನೀಡಿದ ತಂತಿಯನ್ನು ಶುದ್ಧ ತಾಮ್ರವೆಂದು ಮಾರಾಟ ಮಾಡುವ ಸಂಭವವಿರುತ್ತದೆ. ಇದರ ರೋಧ ತಾಮ್ರಕ್ಕಿಂತ ಸರಿಸುಮಾರು ಒಂದೂವರೆ ಪಟ್ಟು. ಎಳೆಯನ್ನು ಬ್ಲೇಡಿನಿಂದ ಕೆರೆದಾಗ ಒಳಗೆ ಬೆಳ್ಳಗೆ ಕಂಡಲ್ಲಿ, ತಂತಿಯ ಸುರುಳಿ ಅದರ ಗಾತ್ರಕ್ಕೆ ತೀರ ಹಗುರವಾಗಿದ್ದಲ್ಲಿ ಅನುಮಾನಿಸಬೇಕು. ತಾಮ್ರದ ಎಳೆಗೆ ತವರದ ಲೇಪನವಿದ್ದಾಗ ಹೊರಗೆ ಬೆಳ್ಳಗಿದ್ದು ಒಳಗೆ ಕೆಂಪಾಗಿರುತ್ತದೆ. ಅದು ದೋಷವಲ್ಲ.

4. ಚಿನ್ನ, ಬೆಳ್ಳಿ ಮತ್ತು ಆಮ್ಲಜನಕ ರಹಿತ ತಾಮ್ರ

ದುಬಾರಿ ಕೇಬಲ್‌ಗಳ ಪೊಟ್ಟಣದ ಮೇಲೆ ಸಾಮಾನ್ಯವಾಗಿ ಕಂಡುಬರುವ ವಿವರಣೆಗಳ ವಾಸ್ತವಾಂಶ ಈ ಕೆಳಕಂಡಂತಿದೆ:

(ಅ) ಚಿನ್ನದ ಲೇಪನ: ಚಿನ್ನವು ತಾಮ್ರಕ್ಕಿಂತ ಉತ್ತಮ ವಿದ್ಯುದ್ವಾಹಕವಲ್ಲ. ಅದಕ್ಕೆ ಕಿಲುಬು ಹಿಡಿಯುವುದಿಲ್ಲ ಎಂಬುದಷ್ಟೇ ಅದರ ಉಪಯೋಗ. ಕರಾವಳಿ, ಮಲೆನಾಡಿನಂತಹ ತೇವದ ಪ್ರದೇಶಗಳಲ್ಲಿ ಕನೆಕ್ಟರಿನ ತುದಿಗೆ ಇದು ಪ್ರಯೋಜನಕಾರಿ. ಆದರೆ ಲೇಪನವು ಅತ್ಯಂತ ತೆಳುವಾಗಿರುವುದರಿಂದ ಅದಕ್ಕಾಗಿ ಸಾವಿರಾರು ರೂಪಾಯಿ ತೆರಬೇಕಾಗಿಲ್ಲ. ಕಡಿಮೆ ಬೆಲೆಯ ಅನೇಕ ಕೇಬಲ್‌ಗಳಲ್ಲಿಯೂ ಇದು ಇರುತ್ತದೆ.

(ಆ) ಬೆಳ್ಳಿ: ಬೆಳ್ಳಿಯ ವಾಹಕತೆ ತಾಮ್ರಕ್ಕಿಂತ ಸುಮಾರು ಶೇ. 6ರಷ್ಟು ಮಾತ್ರ ಹೆಚ್ಚು. ತಾಮ್ರದ ತಂತಿಯನ್ನು ಅಷ್ಟೇ ಪ್ರಮಾಣದಲ್ಲಿ ದಪ್ಪ ಮಾಡಿದರೆ ಅದೇ ಫಲಿತಾಂಶ ದೊರೆಯುತ್ತದೆ.

(ಇ) ಆಮ್ಲಜನಕ ರಹಿತ ತಾಮ್ರ: ಇದರ ವಾಹಕತೆ ವಿದ್ಯುತ್ ಕೆಲಸಕ್ಕೆ ಬಳಸುವ ಸಾಧಾರಣ ತಾಮ್ರಕ್ಕಿಂತ ಸುಮಾರು ಶೇ. 1ರಷ್ಟು ಹೆಚ್ಚು. ಮನೆಯ ಬಳಕೆಯಲ್ಲಿ ಈ ವ್ಯತ್ಯಾಸ ನಗಣ್ಯ.

5. ಹೆಚ್ಚಿನ ವೆಚ್ಚ ಸಮರ್ಥನೀಯವಾಗುವ ಸಂದರ್ಭಗಳು

ಎಲ್ಲ ಸಂದರ್ಭಗಳಲ್ಲಿಯೂ ಅತಿ ಕಡಿಮೆ ಬೆಲೆಯ ಕೇಬಲ್ಲನ್ನೇ ಖರೀದಿಸಬೇಕೆಂಬುದು ಇದರ ಅರ್ಥವಲ್ಲ. ಈ ಕೆಳಕಂಡ ಸಂದರ್ಭಗಳಲ್ಲಿ ಹೆಚ್ಚಿನ ವೆಚ್ಚಕ್ಕೆ ಕಾರಣವಿರುತ್ತದೆ:

(ಅ) ಶಾಲೆಯ ಸಭಾಂಗಣ, ಸಮುದಾಯ ಭವನ ಮುಂತಾದೆಡೆ ಪ್ರೊಜೆಕ್ಟರಿಗೆ 10 ಮೀಟರಿಗಿಂತ ಉದ್ದದ ಎಚ್‌ಡಿಎಂಐ ಸಂಪರ್ಕ ಬೇಕಾದಾಗ. ಉದ್ದ ಹೆಚ್ಚಿದಂತೆ ಸಂಕೇತ ಕ್ಷೀಣಿಸುವುದರಿಂದ ಬೆಳಕಿನ ಎಳೆಯುಳ್ಳ ಕೇಬಲ್ ಅಗತ್ಯವಾಗಬಹುದು.

(ಆ) ವೇದಿಕೆಯ ಮೈಕ್ ಕೇಬಲ್‌ಗಳು. ಮೈಕಿನ ಸಂಕೇತ ಬಹಳ ದುರ್ಬಲವಾಗಿರುವುದರಿಂದ ಹೊರಗಿನ ವಿದ್ಯುತ್ ಅಡಚಣೆಯನ್ನು ತಡೆಯುವ ಲೋಹದ ಹೆಣಿಗೆಯ ಕವಚ ಮತ್ತು ಮೂರು ಪಿನ್ನಿನ ಗಟ್ಟಿಯಾದ ಕನೆಕ್ಟರ್ ಇರಬೇಕು. ಪದೇ ಪದೇ ಸುತ್ತಿ, ಬಿಚ್ಚಿ, ತುಳಿತಕ್ಕೆ ಒಳಗಾಗುವ ಕೇಬಲ್ಲಿಗೆ ಬಾಳಿಕೆ ಮುಖ್ಯ.

(ಇ) ಗೋಡೆಯೊಳಗೆ ಹುದುಗಿಸುವ ಕೇಬಲ್‌ಗಳು. ಇವನ್ನು ಬದಲಿಸಲು ಗೋಡೆ ಒಡೆಯಬೇಕಾಗುವುದರಿಂದ ಮುಂದಿನ ಅಗತ್ಯವನ್ನೂ ಗಮನಿಸಿ ಪ್ರಮಾಣೀಕೃತ ಕೇಬಲ್ಲನ್ನೇ ಆರಿಸಬೇಕು.

ಈ ಮೂರೂ ಸಂದರ್ಭಗಳಲ್ಲಿ ಗ್ರಾಹಕರು ಹಣ ತೆರುವುದು ಉದ್ದ, ಕವಚ ಮತ್ತು ಬಾಳಿಕೆಗಾಗಿ. ಇವೆಲ್ಲವೂ ಅಳೆದು ನೋಡಬಹುದಾದ ಗುಣಗಳು.

6. ಕೇಳಿದ ಅನುಭವವನ್ನು ಪರೀಕ್ಷಿಸುವ ವಿಧಾನ

ಅಂಗಡಿಯಲ್ಲಿ ಎರಡು ಕೇಬಲ್‌ಗಳನ್ನು ಬದಲಿಸಿ ಕೇಳಿಸಿದಾಗ ದುಬಾರಿ ಕೇಬಲ್ಲಿನ ಧ್ವನಿ ಉತ್ತಮವಾಗಿದೆ ಎಂದು ಅನೇಕರಿಗೆ ಅನಿಸುವುದುಂಟು. ಯಾವುದು ದುಬಾರಿ ಎಂಬುದು ಮೊದಲೇ ತಿಳಿದಿರುವುದರಿಂದ ಹಾಗೂ ಕೆಲವೊಮ್ಮೆ ಧ್ವನಿಯ ಮಟ್ಟವನ್ನು ತುಸು ಏರಿಸಿರುವುದರಿಂದ ಹೀಗಾಗಬಹುದು. ಹಾಗೆ ಅನಿಸಿದ್ದು ಗ್ರಾಹಕರ ದಡ್ಡತನವಲ್ಲ. ನಿರೀಕ್ಷೆಯು ಅನುಭವವನ್ನು ಪ್ರಭಾವಿಸುವುದು ಎಲ್ಲರಿಗೂ ಸಹಜ. ಅಂತೆಯೇ, ವ್ಯತ್ಯಾಸ ಕೇಳಿಸಲಿಲ್ಲವೆಂದು ಹೇಳಲು ಸಂಕೋಚಪಡಬೇಕಾಗಿಯೂ ಇಲ್ಲ.

ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಧ್ವನಿಯ ಮಟ್ಟ ಒಂದೇ ಇರಲಿ. ಮನೆಯ ಸದಸ್ಯರೊಬ್ಬರು ಕೇಳುವವರ ಕಣ್ಣಿಗೆ ಬೀಳದಂತೆ ಪ್ರತಿ ಬಾರಿ ನಾಣ್ಯ ಚಿಮ್ಮಿ, ಅದರಂತೆ ಕೇಬಲ್ ಜೋಡಿಸಿ, ಕಾಗದದಲ್ಲಿ ಬರೆದಿಡಬೇಕು. ಕೇಳುವವರು ತಮ್ಮ ಉತ್ತರವನ್ನು ಬೇರೆ ಕಾಗದದಲ್ಲಿ ಬರೆಯಬೇಕು. ಹೀಗೆ 10 ಬಾರಿ ಮಾಡಿ ತಾಳೆ ನೋಡಬೇಕು. ಸುಮ್ಮನೆ ಊಹಿಸಿದರೂ 5 ಅಥವಾ 6 ಉತ್ತರ ಸರಿಯಾಗುವುದು ಸಾಮಾನ್ಯ. ಬರಿಯ ಊಹೆಯಿಂದ 9 ಅಥವಾ 10 ಉತ್ತರ ಸರಿಯಾಗುವ ಸಂಭವ 1,024ರಲ್ಲಿ 11 ಮಾತ್ರ. ಅಷ್ಟು ಸರಿಯಾದಲ್ಲಿ ಮಾತ್ರ ವ್ಯತ್ಯಾಸ ನಿಜವಾಗಿಯೂ ಕೇಳಿಸುತ್ತಿದೆ ಎಂದು ಭಾವಿಸಬಹುದು.

ಅಮೆರಿಕದ ಜಾದೂಗಾರ ಹಾಗೂ ಸಂಶಯವಾದಿ ಜೇಮ್ಸ್ ರಾಂಡಿ ಅವರು 2007ರಲ್ಲಿ, 7,250 ಡಾಲರ್ ಬೆಲೆಯ ಸ್ಪೀಕರ್ ಕೇಬಲ್ಲನ್ನು ಸಾಧಾರಣ ಕೇಬಲ್ಲಿನಿಂದ ಇಂತಹ ನಿಯಂತ್ರಿತ ಪರೀಕ್ಷೆಯಲ್ಲಿ ಬೇರ್ಪಡಿಸಿ ತೋರಿಸುವವರಿಗೆ ಹತ್ತು ಲಕ್ಷ ಡಾಲರ್ ಬಹುಮಾನ ನೀಡುವುದಾಗಿ ತಿಳಿಸಿದ್ದರು. ಆ ಪರೀಕ್ಷೆ ನಡೆಯಲಿಲ್ಲ. ನಡೆಯದ ಪರೀಕ್ಷೆ ಯಾವ ಪಕ್ಷಕ್ಕೂ ಪುರಾವೆಯಲ್ಲ. ಆದರೆ ಮಾರಾಟಗಾರರ ಹೇಳಿಕೆಯನ್ನು ಪರೀಕ್ಷೆಗೆ ಒಡ್ಡಲು ಸಾಧ್ಯವಿದೆ ಎಂಬುದನ್ನು ಈ ಪ್ರಸಂಗ ತೋರಿಸುತ್ತದೆ.

7. ಕಾನೂನಿನ ಉಪಬಂಧಗಳು

ಕೇಬಲ್ಲಿನ ಬೆಲೆಯನ್ನು ಸರ್ಕಾರ ನಿಗದಿಪಡಿಸುವುದಿಲ್ಲ. ಪೊಟ್ಟಣದ ಮೇಲೆ ಮುದ್ರಿಸಿದ ಗರಿಷ್ಠ ಚಿಲ್ಲರೆ ಬೆಲೆಯನ್ನು ನಿರ್ಧರಿಸುವವರು ತಯಾರಕರು ಅಥವಾ ಆಮದುದಾರರು. ಆ ಬೆಲೆಗಿಂತ ಹೆಚ್ಚು ಪಡೆಯುವುದು ಅಪರಾಧ. ಆದರೆ ಆ ಬೆಲೆಯೇ ಹೆಚ್ಚಾಯಿತೆಂಬುದು ತಾನಾಗಿಯೇ ದೂರಿಗೆ ಆಧಾರವಾಗುವುದಿಲ್ಲ. ಗ್ರಾಹಕರಿಗೆ ರಕ್ಷಣೆ ಇರುವುದು ಮಾರಾಟಗಾರರು ನೀಡಿದ ಭರವಸೆಯ ವಿಷಯದಲ್ಲಿ.

2020ರ ಜುಲೈ 20ರಿಂದ ಜಾರಿಗೆ ಬಂದ ಗ್ರಾಹಕರ ಸಂರಕ್ಷಣಾ ಅಧಿನಿಯಮ, 2019ರ ಪ್ರಕಾರ:

(ಅ) ಸೂಕ್ತ ಪರೀಕ್ಷೆಯ ಆಧಾರವಿಲ್ಲದೆ ಸರಕಿನ ಕಾರ್ಯಕ್ಷಮತೆ ಅಥವಾ ಬಾಳಿಕೆಯ ಬಗ್ಗೆ ಸಾರ್ವಜನಿಕರಿಗೆ ಖಾತರಿ ನೀಡುವುದು ಅನುಚಿತ ವ್ಯಾಪಾರ ಪದ್ಧತಿಯಾಗುತ್ತದೆ. ಪರೀಕ್ಷೆ ಮಾಡಿಯೇ ಖಾತರಿ ನೀಡಲಾಗಿದೆ ಎಂದು ವಾದಿಸಿದಲ್ಲಿ, ಅದನ್ನು ರುಜುವಾತುಪಡಿಸುವ ಹೊಣೆ ಹಾಗೆ ವಾದಿಸುವವರದೇ ಆಗಿರುತ್ತದೆ.
(ಆ) ಒಂದು ಸರಕನ್ನು ಕೊಳ್ಳಬೇಕಾದರೆ ಇನ್ನೊಂದನ್ನು ಕೊಳ್ಳಲೇಬೇಕೆಂದು ಷರತ್ತು ವಿಧಿಸುವುದು ನಿರ್ಬಂಧಕ ವ್ಯಾಪಾರ ಪದ್ಧತಿಯಾಗುತ್ತದೆ. ಕೇಬಲ್ ಕೊಳ್ಳದಿದ್ದರೆ ಟಿ.ವಿ. ಕೊಡುವುದಿಲ್ಲ ಎನ್ನುವುದು ಇದಕ್ಕೆ ಉದಾಹರಣೆ.
(ಇ) ರಸೀದಿ ನೀಡದಿರುವುದು ಹಾಗೂ ದೋಷಯುಕ್ತ ಸರಕನ್ನು ರಸೀದಿಯಲ್ಲಿ ತಿಳಿಸಿದ ಅವಧಿಯೊಳಗೆ, ಅವಧಿ ತಿಳಿಸದಿದ್ದಲ್ಲಿ 30 ದಿನಗಳೊಳಗೆ, ಹಿಂಪಡೆದು ಹಣ ಮರಳಿಸಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿಯಾಗುತ್ತದೆ.
(ಈ) ದಾರಿ ತಪ್ಪಿಸುವ ಜಾಹೀರಾತು ನೀಡಿದ ತಯಾರಕರಿಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 10 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದು.

"ಅತ್ಯುತ್ತಮ", "ಅದ್ಭುತ" ಎಂಬಂತಹ ಸಾಮಾನ್ಯ ಹೊಗಳಿಕೆಯನ್ನು ಪ್ರಶ್ನಿಸುವುದು ಕಷ್ಟ. "ಶುದ್ಧ ತಾಮ್ರ", "48 ಗಿಗಾಬಿಟ್", "2.5 ಚದರ ಮಿ.ಮೀ." ಎಂಬಂತಹ ನಿರ್ದಿಷ್ಟ ಹೇಳಿಕೆಯನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಲು ಸಾಧ್ಯ. ಆದುದರಿಂದ ಮಾರಾಟಗಾರರ ಮಾತು ಬರಹದಲ್ಲಿರುವುದು ಅತ್ಯವಶ್ಯಕ.

8. ಖರೀದಿಯ ಸಮಯದಲ್ಲಿ ಅನುಸರಿಸಬೇಕಾದ ಕ್ರಮಗಳು

(ಅ) ಉಪಕರಣದ ಪೆಟ್ಟಿಗೆಯಲ್ಲಿಯೇ ಕೇಬಲ್ ಇದೆಯೇ ಎಂದು ಮೊದಲು ಪರಿಶೀಲಿಸುವುದು.
(ಆ) ಬೇಕಾದ ಉದ್ದ ಮತ್ತು ವರ್ಗವನ್ನು ಮನೆಯಲ್ಲಿಯೇ ಅಳೆದು ಬರೆದುಕೊಂಡು ಹೋಗುವುದು.
(ಇ) ಪೊಟ್ಟಣದ ಮೇಲೆ ತಯಾರಕರು ಅಥವಾ ಆಮದುದಾರರ ಹೆಸರು ಮತ್ತು ವಿಳಾಸ, ಆಮದು ಸರಕಾದಲ್ಲಿ ಮೂಲ ದೇಶ, ಪ್ರಮಾಣ, ತಿಂಗಳು ಮತ್ತು ವರ್ಷ, ಎಲ್ಲ ತೆರಿಗೆ ಸೇರಿದ ಗರಿಷ್ಠ ಚಿಲ್ಲರೆ ಬೆಲೆ, ಗ್ರಾಹಕರ ದೂರಿಗೆ ಸಂಪರ್ಕದ ವಿವರ ಇವೆಯೇ ಎಂದು ನೋಡುವುದು. ಕಾನೂನು ಮಾಪನಶಾಸ್ತ್ರ (ಪೊಟ್ಟಣ ಸಾಮಗ್ರಿಗಳು) ನಿಯಮಗಳು, 2011ರಂತೆ ಇವು ಕಡ್ಡಾಯ.
(ಈ) ತಂತಿಯನ್ನು ಕತ್ತರಿಸಿ ಕೊಡುವಾಗ ಸತ್ಯಾಪನೆಯ ಮುದ್ರೆಯುಳ್ಳ ಮೀಟರ್ ಅಳತೆಗೋಲಿನಿಂದಲೇ ಅಳೆಯುವಂತೆ ಕೇಳುವುದು. ಮೊಳ, ಮಾರುಗಳ ಲೆಕ್ಕವನ್ನು ಒಪ್ಪದಿರುವುದು.
(ಉ) ರಸೀದಿಯಲ್ಲಿ ಕೇಬಲ್ಲಿನ ಬೆಲೆ, ವರ್ಗ, ಲೋಹ, ದಪ್ಪ ಮತ್ತು ಉದ್ದವನ್ನು ಪ್ರತ್ಯೇಕವಾಗಿ ನಮೂದಿಸುವಂತೆ ಕೋರುವುದು. ಬಾಯಿಮಾತಿನಲ್ಲಿ ಹೇಳಿದ್ದನ್ನು ಬರೆದುಕೊಡಲು ಮಾರಾಟಗಾರರು ಹಿಂಜರಿದಲ್ಲಿ, ಆ ಕೇಬಲ್ಲನ್ನು ಬಿಟ್ಟು ಬರುವುದೇ ಲೇಸು.

9. ದೂರು ಸಲ್ಲಿಸುವ ವಿಧಾನ

(ಅ) ಮೊದಲಿಗೆ ಮಾರಾಟಗಾರರಿಗೆ ರಸೀದಿಯ ಪ್ರತಿಯೊಂದಿಗೆ ಲಿಖಿತವಾಗಿ ತಿಳಿಸಬೇಕು. ಅಂತರ್ಜಾಲದ ಮೂಲಕ ಖರೀದಿಸಿದ್ದಲ್ಲಿ, ಸಂಸ್ಥೆಯ ಕುಂದುಕೊರತೆ ಅಧಿಕಾರಿಯು 48 ಗಂಟೆಗಳೊಳಗೆ ದೂರಿಗೆ ಸ್ವೀಕೃತಿ ನೀಡಿ, ಒಂದು ತಿಂಗಳೊಳಗೆ ಪರಿಹರಿಸತಕ್ಕದ್ದು.
(ಆ) ಪರಿಹಾರ ದೊರೆಯದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.
(ಇ) ಗರಿಷ್ಠ ಚಿಲ್ಲರೆ ಬೆಲೆಗಿಂತ ಹೆಚ್ಚು ಪಡೆದಲ್ಲಿ, ಅಳತೆಯಲ್ಲಿ ಕಡಿಮೆ ನೀಡಿದಲ್ಲಿ ಅಥವಾ ಪೊಟ್ಟಣದ ಮೇಲೆ ಕಡ್ಡಾಯ ವಿವರಗಳಿಲ್ಲದಿದ್ದಲ್ಲಿ ಆಯಾ ವ್ಯಾಪ್ತಿಯ ಕಾನೂನು ಮಾಪನಶಾಸ್ತ್ರ ನಿರೀಕ್ಷಕರಿಗೆ ದೂರು ನೀಡಬಹುದು.
(ಈ) ಹಣ ವಾಪಸಾತಿ ಅಥವಾ ಪರಿಹಾರಕ್ಕಾಗಿ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ, ದೂರಿಗೆ ಕಾರಣ ಉಂಟಾದ ದಿನದಿಂದ 2 ವರ್ಷಗಳೊಳಗೆ ದೂರು ಸಲ್ಲಿಸಬಹುದು. ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿ ಮೀರದಿದ್ದಲ್ಲಿ ಶುಲ್ಕವಿಲ್ಲ. ಗ್ರಾಹಕರು ತಾವು ವಾಸಿಸುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಬಹುದು. 2025ರ ಜನವರಿ 1ರಂದು ಆರಂಭವಾದ ಇ-ಜಾಗೃತಿ ಪೋರ್ಟಲ್ ಮುಖಾಂತರವೂ ಇದಕ್ಕೆ ಅವಕಾಶವಿದೆ.
(ಉ) ಸರಕಿನ ದೋಷವನ್ನು ಪರೀಕ್ಷೆಯಿಂದಲೇ ನಿರ್ಧರಿಸಬೇಕಾದಲ್ಲಿ ಆಯೋಗವು ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸಬಹುದು. ಇದಕ್ಕೆ ತಗಲುವ ಶುಲ್ಕವನ್ನು ದೂರುದಾರರು ಠೇವಣಿ ಇಡಬೇಕಾಗಬಹುದು.

ಮೂಲ ರಸೀದಿ, ಪೊಟ್ಟಣ, ಜಾಹೀರಾತಿನ ಪ್ರತಿ ಮತ್ತು ಮಾರಾಟಗಾರರೊಂದಿಗಿನ ಪತ್ರ ವ್ಯವಹಾರವನ್ನು ಕಾಯ್ದಿರಿಸಿಕೊಳ್ಳತಕ್ಕದ್ದು. ಕೇಬಲ್ಲನ್ನು ಕತ್ತರಿಸದೆ, ಬಿಚ್ಚದೆ ಯಥಾಸ್ಥಿತಿಯಲ್ಲಿ ಇಟ್ಟುಕೊಳ್ಳುವುದು ಒಳಿತು.

10. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಈಗಾಗಲೇ ದುಬಾರಿ ಕೇಬಲ್ ಖರೀದಿಸಿದ್ದು, ಯಾವ ವ್ಯತ್ಯಾಸವೂ ಕಾಣುತ್ತಿಲ್ಲ. ಹಣ ವಾಪಸ್ ದೊರೆಯುವುದೇ?
ಉತ್ತರ: ಕೇಬಲ್ಲು ಪೊಟ್ಟಣದಲ್ಲಿ ತಿಳಿಸಿದಂತೆಯೇ ಇದ್ದು ಸರಿಯಾಗಿ ಕೆಲಸ ಮಾಡುತ್ತಿದ್ದಲ್ಲಿ ಅದನ್ನು ದೋಷಯುಕ್ತ ಎನ್ನಲಾಗದು. ನಿರ್ದಿಷ್ಟ ಫಲಿತಾಂಶದ ಖಾತರಿಯನ್ನು ಲಿಖಿತವಾಗಿ ಅಥವಾ ಜಾಹೀರಾತಿನಲ್ಲಿ ನೀಡಿದ್ದು, ಅದು ಈಡೇರದಿದ್ದಲ್ಲಿ ದೂರಿಗೆ ಆಧಾರವಿದೆ.

ಪ್ರಶ್ನೆ: ಶೇ. 60 ರಿಯಾಯಿತಿಯಲ್ಲಿ ದೊರೆಯುವ ಕೇಬಲ್ ಲಾಭದಾಯಕವೇ?
ಉತ್ತರ: ರಿಯಾಯಿತಿಯನ್ನು ಮುದ್ರಿತ ಬೆಲೆಯ ಮೇಲೆ ಲೆಕ್ಕ ಹಾಕಲಾಗುತ್ತದೆ. 5,000 ರೂಪಾಯಿ ಮುದ್ರಿತ ಬೆಲೆಯ ಕೇಬಲ್ಲಿಗೆ ಶೇ. 60 ರಿಯಾಯಿತಿ ನೀಡಿದರೂ ಗ್ರಾಹಕರು 2,000 ರೂಪಾಯಿ ತೆರಬೇಕು. ಅದೇ ವರ್ಗದ ಇತರೆ ಪ್ರಮಾಣೀಕೃತ ಕೇಬಲ್‌ಗಳ ಮಾರಾಟ ಬೆಲೆಯೊಂದಿಗೆ ಹೋಲಿಸುವುದು ಸರಿಯಾದ ಕ್ರಮ.

ಪ್ರಶ್ನೆ: ಬೇರೆ ಕೇಬಲ್ ಬಳಸಿದರೆ ಟಿ.ವಿ.ಯ ವಾರಂಟಿ ರದ್ದಾಗುತ್ತದೆ ಎಂದು ಅಂಗಡಿಯವರು ಹೇಳುತ್ತಾರೆ. ಇದು ನಿಜವೇ?
ಉತ್ತರ: ವಾರಂಟಿ ಕಾರ್ಡಿನಲ್ಲಿ ಅಂತಹ ಷರತ್ತು ಎಲ್ಲಿದೆ ಎಂದು ತೋರಿಸುವಂತೆ ಕೇಳುವುದು. ವಾರಂಟಿಯ ಷರತ್ತುಗಳು ಕಾರ್ಡಿನಲ್ಲಿ ಮುದ್ರಿತವಾಗಿರುತ್ತವೆ. ಅಂಗಡಿಯವರ ಬಾಯಿಮಾತಿನಿಂದ ಹೊಸ ಷರತ್ತು ಸೇರುವುದಿಲ್ಲ.

ಮುಕ್ತಾಯ

ಮನೆಯ ಬಳಕೆಗೆ ಬೇಕಾದದ್ದು ಸರಿಯಾದ ವರ್ಗದ, ಸರಿಯಾದ ದಪ್ಪದ, ಸರಿಯಾದ ಉದ್ದದ ಕೇಬಲ್. ಅದಕ್ಕಿಂತ ಹೆಚ್ಚಿಗೆ ಕೇಳಿದ ಪ್ರತಿಯೊಂದು ರೂಪಾಯಿಗೂ ಕಾರಣ ಕೇಳುವ ಹಕ್ಕು ಗ್ರಾಹಕರಿಗಿದೆ. ಹೇಳಿದ ಕಾರಣವನ್ನು ರಸೀದಿಯಲ್ಲಿ ಬರೆಸಿಕೊಂಡಾಗ ಆ ಹಕ್ಕಿಗೆ ಬಲ ಬರುತ್ತದೆ. ಸಾರ್ವಜನಿಕರು ಮೇಲ್ಕಂಡ ಮಾಹಿತಿಯ ಸದುಪಯೋಗ ಪಡೆದುಕೊಳ್ಳಲು ಕೋರಲಾಗಿದೆ.